ಕೆಟಲಿನ ಮುಚ್ಚಳ

ಕತಾರಿನ ನಜ್ಮಾ ಪೇಟೆಯ ಹಿಂಬೀದಿಯಲ್ಲಿದ್ದ ನಮ್ಮ ಪಾತ್ರೆ ಅಂಗಡಿಯ ಗೋದಾಮಿಗೆ ಹೊಸಬರು ಯಾರೇ ಬಂದರೂ ಮೊದಲು ನಗುತ್ತಿದ್ದರು. ನೆಲದಿಂದ ಸೀಲಿಂಗಿನವರೆಗೆ ರಟ್ಟಿನ ಪೆಟ್ಟಿಗೆಗಳು, ಪ್ರತಿ ಪೆಟ್ಟಿಗೆಯ ಮೇಲೂ ಒಂದು ಚಿತ್ರ. ಕೆಟಲ್, ಜರಡಿ, ಸೌಟು, ಥರ್ಮಾಸ್, ಹೆರೆಮಣೆ, ಇಸ್ತ್ರಿಪೆಟ್ಟಿಗೆ. ಬರೆದವರು ಅಲಿಯಬ್ಬ ಕಾಕ. ಊರು ಹಳೆಯಂಗಡಿ ಹತ್ತಿರದ ಬೊಳ್ಳೂರು. ಕತಾರಿಗೆ ಬಂದು ಹದಿನಾಲ್ಕು ವರ್ಷವಾಗಿದ್ದರೂ ಅವರಿಗೆ ಯಾವ ಭಾಷೆಯ ಅಕ್ಷರವೂ ಗೊತ್ತಿರಲಿಲ್ಲ. ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿರಲಿ, ಚೀನೀಯಲ್ಲಿರಲಿ, ಅವರಿಗೆ ಎಲ್ಲ ಒಂದೇ ಗೀಟು. ಆದ್ದರಿಂದ ಮಾಲು ಬಂದ ದಿನ ಒಂದೊಂದು ಜಾತಿಯದ್ದೂ ಒಂದೊಂದು ಪೆಟ್ಟಿಗೆ ಬಿಚ್ಚಿ, ಒಳಗಿನ ಸಾಮಾನನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಕಪ್ಪು ಮಾರ್ಕರಿನಲ್ಲಿ ಪೆಟ್ಟಿಗೆಯ ಮೂರು ಬದಿಗೂ ಚಿತ್ರ ಬರೆದು ಜೋಡಿಸುತ್ತಿದ್ದರು. ಅಂಗಡಿಯಲ್ಲಿ ಮಲಯಾಳಿ, ಬಂಗಾಳಿ, ಈಜಿಪ್ಟಿನ ಮಿಸ್ರಿ ಎಲ್ಲರೂ ಇದ್ದೆವು. ಒಬ್ಬನ ಬರಹ ಇನ್ನೊಬ್ಬನಿಗೆ ಬಾರದು. ಕಾಕನ ಚಿತ್ರ ಮಾತ್ರ ಎಲ್ಲರಿಗೂ ಬರುತ್ತಿತ್ತು.

ನಾನು, ಮಹಮೂದ್, ಅಲ್ಲಿ ಫೋರ್‌ಮನ್. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಸಿಟ್ಟು ಬಂದರೆ ನನ್ನ ಬಾಯಿ ಎದುರಿನವರ ವಯಸ್ಸು ನೋಡುತ್ತಿರಲಿಲ್ಲ. ಕಾಕ ನನಗಿಂತ ಹನ್ನೆರಡು ವರ್ಷ ದೊಡ್ಡವರು, ಮೋನೇ, ಅಂದರೆ ಮಗನೇ, ಎಂದು ನನ್ನನ್ನು ಕರೆಯುತ್ತಿದ್ದವರು, ಆದರೂ ದಿನಕ್ಕೆ ಒಂದು ಸಲವಾದರೂ ಅವರ ಮೇಲೆ ಹಾರಾಡುತ್ತಿದ್ದೆ. ಕಾರಣ ಆ ಚಿತ್ರಗಳೇ.

"ಇದೆಂತ ಕಾಕ? ಮಾಲು ಹೊಸತು. ನೀವು ತಳಕ್ಕೆ ಮಸಿ ಹಿಡಿದ ಕೆಟಲ್ ಬರೆದಿದ್ದೀರಿ. ಹಿಡಿಗೆ ಬಟ್ಟೆ ಬೇರೆ ಸುತ್ತಿದ್ದೀರಿ. ಗಿರಾಕಿ ಕಂಡರೆ ಸೆಕೆಂಡ್ ಹ್ಯಾಂಡ್ ಅಂತಾನೆ!"

"ಹೊಸತೆಲ್ಲ ಒಂದೇ ಹಾಗೆ ಇರ್ತದೆ ಮೋನೇ. ನಾಲ್ಕು ವರ್ಷ ಒಂದು ಮನೆಯಲ್ಲಿ ಬಾಳಿದ ಮೇಲೆ ಅದಕ್ಕೊಂದು ಮುಖ ಬರ್ತದೆ. ಮುಖ ಇಲ್ಲದ್ದನ್ನು ನಾನು ಹೇಗೆ ಬರೆಯೋದು?"

"ಮುಖವಂತೆ! ನಾಳೆ ಮುದೀರ್ ಬಂದು ನಿಮ್ಮ ಮುಖಕ್ಕೇ ಮಸಿ ಬಳೀತಾನೆ. ಯಲ್ಲಾ, ಲೋಡ್ ಎತ್ತಿ."

ಮುದೀರ್ ಅಂದರೆ ನಮ್ಮ ಮ್ಯಾನೇಜರ್. ಎಲ್ಲರ ಪಾಸ್‌ಪೋರ್ಟೂ ಅವನ ಕಪಾಟಿನಲ್ಲಿ. ಅವನ ಸಹಿ ಇಲ್ಲದೆ ಯಾರೂ ದೇಶ ಬಿಟ್ಟು ಹೊರಗೆ ಹೋಗುವ ಹಾಗಿಲ್ಲ.

ಚಿತ್ರಗಳನ್ನು ಚಿತ್ರವೆಂದು ನೋಡಿದವರು ನಾನು ಕಂಡಂತೆ ಒಬ್ಬರೇ. ಓಲ್ಡ್ ಏರ್‌ಪೋರ್ಟ್ ಬಡಾವಣೆಯಲ್ಲಿದ್ದ ರೋಸ್‌ಮೇರಿ ಬಾಯಮ್ಮ. ಅವರ ಗಂಡ ಆಲ್ಬರ್ಟ್ ಒಂದು ಆಫೀಸಿನಲ್ಲಿ ಕ್ಲರ್ಕ್, ಕಿನ್ನಿಗೋಳಿಯ ಕ್ರಿಶ್ಚಿಯನರು. ನಮ್ಮ ಕಡೆ ಅವರ ಗಂಡಸರನ್ನು ಪೊರ್ಬುಗಳೇ, ಹೆಂಗಸರನ್ನು ಬಾಯಮ್ಮ ಅಂತ ನಾವು ಕರೆದರೆ, ಮುಸ್ಲಿಮರಾದ ನಮ್ಮನ್ನು ಅವರು ಬ್ಯಾರಿಗಳೇ ಅಂತ ಕರೆಯುವುದು. ಆ ಬಾಯಮ್ಮ ಇಡ್ಲಿ ಪಾತ್ರೆಗೆಂದು ಬಂದು ಗೋದಾಮಿನ ಬಾಗಿಲಲ್ಲೇ ನಿಂತುಬಿಟ್ಟರು.

"ಬ್ಯಾರಿಗಳೇ, ಈ ರಟ್ಟು ನನಗೆ ಕೊಡ್ತೀರಾ?"

ಹೆರೆಮಣೆಯ ಪೆಟ್ಟಿಗೆ. ಅದರ ಮೇಲೆ ಕಾಕ ಹೆರೆಮಣೆ ಬರೆದು, ಪಕ್ಕದಲ್ಲಿ ಅರ್ಧ ಹೆರೆದ ತೆಂಗಿನಕಾಯಿಯ ಹೋಳು ಕವುಚಿ ಇಟ್ಟಿದ್ದರು.

"ಪಾತ್ರೆ ಬೇಡವಾ ಬಾಯಮ್ಮ? ರಟ್ಟಿನಲ್ಲಿ ಇಡ್ಲಿ ಬೇಯೋದಿಲ್ಲ."

"ನನ್ನ ಅಮ್ಮ ಈಗ ತಾನೇ ಎದ್ದು ಬಾಗಿಲಿಗೆ ಹೋದ ಹಾಗೆ ಉಂಟು ಇದು" ಅಂದರು. ಕಣ್ಣು ಒದ್ದೆಯಾಗಿತ್ತು. ನಾನು ಚಾಕುವಿನಿಂದ ಆ ಬದಿಯನ್ನು ಕೊಯ್ದು ಕೊಟ್ಟೆ. ಅವರು ಹೋದ ಮೇಲೆ ಎಲ್ಲರನ್ನೂ ಕರೆದು ಈ ಕಥೆ ಹೇಳಿ ನಗಾಡಿದೆ. ಕಾಕ ನಗಲಿಲ್ಲ. "ಅವರು ಕಂಡರಲ್ಲ" ಎಂದಷ್ಟೇ ಹೇಳಿ ಒಳಗೆ ಹೋದರು.

ಇನ್ನು ಆಸ್ಯಮ್ಮನ ವಿಷಯ. ಆಕೆ ಕಾಕನ ಹೆಂಡತಿ, ಬೊಳ್ಳೂರಿನ ಮನೆಯಲ್ಲಿ ಬೀಡಿ ಕಟ್ಟುತ್ತಾ ಮಗಳು ಅಸೀಫಾಳನ್ನು ಸಾಕುತ್ತಿದ್ದವರು. ಆಕೆಗೂ ಓದು ಬಾರದು. ಕಾಕ ಗಲ್ಫಿಗೆ ಬಂದ ಮೊದಲ ವರ್ಷ ಇಲ್ಲಿ ಯಾರೋ ಬರೆದುಕೊಟ್ಟ ಕಾಗದವನ್ನು ಅಲ್ಲಿ ಮದ್ರಸದ ಉಸ್ತಾದರು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದರಂತೆ. ಅಕ್ಕಪಕ್ಕದವರೆಲ್ಲ ಸುತ್ತ ಕೂತು ಕೇಳುತ್ತಿದ್ದರು. ಗಂಡನ ಮಾತು ಊರೆಲ್ಲ ಕೇಳುವುದು ಆಸ್ಯಮ್ಮನಿಗೆ ನಾಚಿಕೆ. ಮೊದಲ ರಜೆಯಲ್ಲಿ ಹೋದಾಗ ಗಂಡ ಹೆಂಡತಿ ಅಡುಗೆಮನೆಯಲ್ಲಿ ಕೂತು ಬೇರೆ ದಾರಿ ಮಾಡಿಕೊಂಡರು. ಅಡುಗೆಮನೆಯ ಸಾಮಾನುಗಳಲ್ಲೇ ಕಾಗದ ಬರೆಯುವುದು. ಬೆಂಕಿ ಇರುವ ಒಲೆ ಬರೆದರೆ ಮನೆಯಲ್ಲಿ ಎಲ್ಲ ಸರಿ. ಕವುಚಿದ ತಟ್ಟೆ ಬರೆದರೆ ಊಟ ಸೇರುವುದಿಲ್ಲ. ಕೆಟಲಿನ ಮುಚ್ಚಳ ಹಾಕಿದ್ದರೆ ಬರುವುದು ಬೇಡ, ನಾನು ಸುಧಾರಿಸುತ್ತೇನೆ. ಮುಚ್ಚಳ ತೆಗೆದಿಟ್ಟಿದ್ದರೆ ಬಾ. ಬೀಡಿ ಕಂಟ್ರಾಕ್ಟರನ ನೀಲಿ ಪೆನ್ಸಿಲಿನಲ್ಲಿ ಆಸ್ಯಮ್ಮ ಬರೆಯುತ್ತಿದ್ದರು. ಹದಿಮೂರು ವರ್ಷ ಹೀಗೆ ಕಾಗದ ಹೋಗಿ ಬಂದಿತ್ತು. ಕಾಕ ಅವನ್ನು ಯಾರಿಗೂ ತೋರಿಸಿರಲಿಲ್ಲ. ಪಕ್ಕದ ಮಂಚದಲ್ಲೇ ಮಲಗುತ್ತಿದ್ದ ನನಗೂ ಇದೆಲ್ಲ ಗೊತ್ತಾದದ್ದು ಅನಾಹುತ ಆದ ಮೇಲೆ.

1994ರ ಡಿಸೆಂಬರಿನಲ್ಲಿ ಆಸ್ಯಮ್ಮನಿಂದ ಒಂದು ಚಿತ್ರ ಬಂತು. ನೀರಿನ ಕೊಡ, ಅದರ ಹೊಟ್ಟೆಯ ಮೇಲೆ ಒಂದು ಗಂಟು. ಕಾಕನಿಗೆ ತಕ್ಷಣ ಅರ್ಥವಾಯಿತು. ಎದೆಯಲ್ಲಿ ಗಂಟು. ಆಕೆಯ ಸ್ವಭಾವ ಅವರು ಬಲ್ಲರು, ತನ್ನ ತಮ್ಮನಿಗೆ ಹೇಳಿರುವುದಿಲ್ಲ, ಮಗಳಿಗೆ ಹೇಳಿರುವುದಿಲ್ಲ, ಆಸ್ಪತ್ರೆಯಲ್ಲಿ ಗಂಡಸು ಡಾಕ್ಟರರ ಮುಂದೆ ಗಂಡನಿಲ್ಲದೆ ಹೋಗುವುದಿಲ್ಲ. ಕಾಕ ಮರುದಿನವೇ ರಜೆ ಕೇಳಿದರು.

"ರಂಝಾನ್ ಮುಗಿಯಲಿ. ರಂಝಾನ್ ಅಂದರೆ ವರ್ಷದ ದೊಡ್ಡ ಸೀಸನ್. ಈಗ ಹೋದರೆ ಖಲಾಸ್. ತಿರುಗಿ ವೀಸಾ ಮಾಫಿ, ಸಿಗೋದಿಲ್ಲ" ಅಂದ ಮುದೀರ್.

ಕೆಲಸ ಹೋದರೆ ಹೆಂಡತಿಗೆ ಔಷಧಿ ಮಾಡಿಸುವುದು ಹೇಗೆ? ಕೆಲಸ ಹಿಡಿದುಕೊಂಡು ಕೂತರೆ ಹೆಂಡತಿ ಉಳಿಯುತ್ತಾಳೆಯೇ? ಕಾಕ ತಾವಾಗಿ ತೀರ್ಮಾನಿಸಲಾರದೆ ಆಕೆಯನ್ನೇ ಕೇಳಿದರು. ಒಂದು ಹಾಳೆಯಲ್ಲಿ ಎರಡು ಕೆಟಲ್ ಬರೆದರು, ಒಂದಕ್ಕೆ ಮುಚ್ಚಳ ಹಾಕಿದೆ, ಒಂದಕ್ಕೆ ತೆಗೆದಿದೆ, ನಡುವೆ ರಂಝಾನ್ ಮುಗಿದು ಬರುವ ಪೆರ್ನಾಲ್ ಹಬ್ಬದ ಚಂದ್ರ. ಹಬ್ಬದವರೆಗೆ ತಡೆದುಕೊಳ್ಳುತ್ತೀಯಾ, ಈಗಲೇ ಬರಲಾ? ಬಾ ಅಂತ ಬಂದರೆ ಕೆಲಸಕ್ಕೆ ಬೆಂಕಿ ಬೀಳಲಿ ಎಂದು ಹೊರಡುವುದು, ಹಾಗೆ ನಿಶ್ಚಯ ಮಾಡಿಕೊಂಡಿದ್ದರು. ನನಗೆ ಗೊತ್ತಿದ್ದದ್ದು ಇಷ್ಟೇ. ಮನೆಯಲ್ಲಿ ಹುಷಾರಿಲ್ಲ, ಕಾಕ ಒಂದು ಕಾಗದ ಕಾಯುತ್ತಿದ್ದಾರೆ.

ಕಾಗದ ಬಂತು. ಜನವರಿಯ ನಾಲ್ಕನೇ ಭಾನುವಾರ. ಆ ವಾರ ಕಾಕ ನಜ್ಮಾದಲ್ಲಿರಲಿಲ್ಲ. ರಂಝಾನಿನ ಮಾಲು ಇಡಲು ಅಂಗಡಿಯವರು ಊರ ಹೊರಗಿನ ಅಲ್ ಗರಾಫಾದಲ್ಲಿ ಒಂದು ಖಾಲಿ ವಿಲ್ಲಾ ಹಿಡಿದಿದ್ದರು. ಆರು ದಿನ ಅಲ್ಲೇ ಉಳಿದು ಪೆಟ್ಟಿಗೆಗಳಿಗೆ ಚಿತ್ರ ಬರೆದು ಜೋಡಿಸಲು ಕಾಕನನ್ನು ನಾನೇ ಕಳಿಸಿದ್ದೆ. ರಜೆ ಮುಗಿಸಿ ಬಂದ ಹಳೆಯಂಗಡಿಯ ಒಬ್ಬ ಕಾಗದವನ್ನು ಅಂಗಡಿಗೆ ತಂದು ನನ್ನ ಕೈಯಲ್ಲಿಟ್ಟ. ಓದು ಬಾರದವರ ಕಾಗದವನ್ನೆಲ್ಲ ಒಡೆದು ಓದಿ ಹೇಳುವವನು ನಾನು. ಅಭ್ಯಾಸದಲ್ಲಿ ಇದನ್ನೂ ಒಡೆದೆ.

ಒಳಗೆ ಒಂದಕ್ಷರವಿಲ್ಲ. ನೀಲಿ ಪೆನ್ಸಿಲಿನಲ್ಲಿ ಒಲೆ, ಕೆಟಲ್, ತಟ್ಟೆ, ಸೌಟು, ಕೊಡ, ಬೀಡಿ ಎಲೆ ಕತ್ತರಿಸುವ ಕತ್ತರಿ, ಒಂದು ಜೊತೆ ಚಪ್ಪಲಿ.

ನಮ್ಮ ಕಡೆಯ ಮನೆಗಳಿಂದ ಹೀಗೆ ಬರುವುದು ಹೊಸದಲ್ಲ. ಮಗುವಿನ ಪಾದವನ್ನು ಕಾಗದದ ಮೇಲಿಟ್ಟು ಸುತ್ತ ಗೀಟು ಎಳೆದು ಕಳಿಸುತ್ತಾರೆ, ಬೂಟ್ಸು ಬೇಕೆಂದು. ಕೈಯ ಸುತ್ತಳತೆಗೆ ದಾರ ಕಳಿಸುತ್ತಾರೆ, ಬಳೆ ಬೇಕೆಂದು. ಬರೆಯಲು ಬಾರದ ಹೆಂಗಸು ಚಿತ್ರ ಬರೆದು ಕಳಿಸಿದರೆ ಅದು ಸಾಮಾನಿನ ಲಿಸ್ಟಲ್ಲದೆ ಇನ್ನೇನು? ನನ್ನ ತಲೆಗೆ ರಕ್ತ ಏರಿತು. ಇಲ್ಲಿ ಈ ಮನುಷ್ಯ ಹೆಂಡತಿಗೆ ಹುಷಾರಿಲ್ಲವೆಂದು ಊಟ ಬಿಟ್ಟಿದ್ದಾನೆ, ಅಲ್ಲಿ ಆ ಹೆಂಗಸಿಗೆ ಕೆಟಲ್ ಬೇಕಂತೆ, ಚಪ್ಪಲಿ ಬೇಕಂತೆ! ಸಿಟ್ಟಿನಲ್ಲೇ ನನಗೆ ದೊಡ್ಡ ಉಪಕಾರದ ಬುದ್ಧಿಯೂ ಬಂತು. ಕಾಕ ಬಂದು ಇದನ್ನು ನೋಡಿ ತಲೆಕೆಡಿಸಿಕೊಳ್ಳುವ ಮೊದಲೇ ಎಲ್ಲ ಕೊಂಡು ಕಳಿಸಿಬಿಡುತ್ತೇನೆ. ನಮ್ಮ ಅಂಗಡಿಯಿಂದಲೇ ಒಳ್ಳೆಯ ಸ್ಟೀಲಿನ ಕೆಟಲ್ ಆರಿಸಿದೆ. ತಟ್ಟೆ, ಸೌಟು, ಕೊಡ, ಕತ್ತರಿ. ಸೂಕಿನ ಸಂತೆಗೆ ಹೋಗಿ ಅಂದಾಜಿನಲ್ಲಿ ಚಪ್ಪಲಿ. ಒಲೆ ಬಿಟ್ಟೆ, ಅದನ್ನು ಯಾರು ಹೊರುತ್ತಾರೆ?

ಆಲ್ಬರ್ಟ್ ಮತ್ತು ರೋಸ್‌ಮೇರಿ ಬಾಯಮ್ಮ ಆ ಗುರುವಾರ ಊರಿಗೆ ಹೊರಟಿದ್ದರು. ಆಲ್ಬರ್ಟರ ತಮ್ಮನ ಮದುವೆ, ಕ್ರಿಶ್ಚಿಯನರ ಉಪವಾಸ ಕಾಲ ಶುರುವಾಗುವ ಮೊದಲೇ ಮುಗಿಯಬೇಕು. ನಾನು ಸಾಮಾನು ಕಟ್ಟಿಕೊಂಡು ಅವರ ಫ್ಲಾಟಿಗೆ ಹೋದೆ.

"ಪೊರ್ಬುಗಳೇ, ಪೆಟ್ಟಿಗೆಯಲ್ಲಿ ಜಾಗ ಉಂಟಾ?"

"ಎಂತ ಜಾಗ ಬ್ಯಾರಿಗಳೇ? ಮದುಮಗನ ಸೂಟನ್ನು ನಾನೇ ಹಾಕಿಕೊಂಡು ಹೋಗುವ ಗತಿ ಬಂದಿದೆ."

"ಸೂಟನ್ನು ಕೊಡದೊಳಗೆ ತುರುಕಿ. ಇಸ್ತ್ರಿ ಕೆಡೋದಿಲ್ಲ."

ಆಲ್ಬರ್ಟ್ ನಕ್ಕು ಒಪ್ಪಿಕೊಂಡರು. ಲಿಸ್ಟಿನಂತೆ ಸರಿಯಿದೆಯೋ ಆಸ್ಯಮ್ಮ ನೋಡಿಕೊಳ್ಳಲಿ ಎಂದು ಆ ಕಾಗದವನ್ನೂ ಕೊಟ್ಟು, ಸಾಮಾನಿನ ಜೊತೆ ಆಕೆಯ ಕೈಗೇ ಕೊಡಬೇಕೆಂದು ಹೇಳಿದೆ. ಬಾಯಮ್ಮ ಅದನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಅವರ ಹಿಂದೆ ಅಡುಗೆಮನೆಯ ಗೋಡೆಯಲ್ಲಿ ಕಾಕನ ಹೆರೆಮಣೆ ತೂಗುತ್ತಿತ್ತು.

"ಇದು ಲಿಸ್ಟಾ?" ಎಂದು ಕೇಳಿದರು. "ಲಿಸ್ಟಿನ ಹಾಗೆ ಕಾಣೋದಿಲ್ಲ ನನಗೆ. ನೋಡಿ, ಹೇಗೆ ಬರೆದಿದ್ದಾರೆ."

"ಬಾಯಮ್ಮ, ನಮ್ಮ ಹೆಂಗಸರ ಲಿಸ್ಟು ನಿಮಗೆ ಗೊತ್ತಾಗೋದಿಲ್ಲ. ಕಟ್ಟಿ, ಕಟ್ಟಿ."

ಅವರು ಇನ್ನೊಮ್ಮೆ ನೋಡಿ, ಮಡಚಿ, ಕೆಟಲಿನ ಒಳಗೆ ಹಾಕಿ ಮುಚ್ಚಳ ಮುಚ್ಚಿದರು.

ಶುಕ್ರವಾರ ಜುಮಾ ನಮಾಜು ಮುಗಿಸಿ ಕಾಕ ರೂಮಿಗೆ ಬಂದರು. ಬಾಗಿಲಲ್ಲೇ, "ಕಾಗದ ಬಂತಾ ಮೋನೇ?"

"ಬಂತು. ಬಂದು, ಅದರ ಕೆಲಸವೂ ಮುಗೀತು. ನೀವು ಆರಾಮ ಕೂತ್ಕೊಳ್ಳಿ." ನಾನು ಹೆಮ್ಮೆಯಿಂದ ಎಲ್ಲವನ್ನೂ ಹೇಳಿದೆ. ಕೊನೆಗೆ, "ಕೆಟಲ್ ಕೇಳುವ ಹೆಂಗಸಿಗೆ ಎಂತ ಕಾಯಿಲೆ ಕಾಕ? ಸುಮ್ಮನೆ ಹೆದರಿದ್ದೀರಿ" ಎಂದೂ ಸೇರಿಸಿದೆ.

ಕಾಕ ಗೋಡೆ ಹಿಡಿದುಕೊಂಡು ಕೂತರು. "ಮುಚ್ಚಳ ಹೇಗಿತ್ತು?" ಎಂದು ಕೇಳಿದರು.

"ಯಾವ ಮುಚ್ಚಳ?"

"ಕಾಗದದಲ್ಲಿ. ಕೆಟಲಿನ ಮುಚ್ಚಳ."

"ಮುಚ್ಚಳ ಯಾರು ನೋಡ್ತಾರೆ? ಕೆಟಲ್ ಇತ್ತು."

ಆಗ ಅವರು ಎಲ್ಲ ಹೇಳಿದರು. ಕೊಡದ ಗಂಟು, ಚಂದ್ರ, ಎರಡು ಕೆಟಲ್. ಹೇಳಿ ಮುಗಿಸಿ, ಮಂಚದ ಕೆಳಗಿಂದ ಒಂದು ರಟ್ಟು ಎಳೆದು ಮೂರು ಕೆಟಲ್ ಬರೆದರು. ಒಂದರ ಮುಚ್ಚಳ ಸರಿಯಾಗಿ ಕೂತಿದೆ. ಒಂದರದ್ದು ವಾರೆಯಾಗಿದೆ. ಒಂದರದ್ದು ನೆಲದಲ್ಲಿದೆ.

"ಇದರಲ್ಲಿ ಯಾವುದು? ಸಮಾಧಾನ ಮಾಡಿ ನೆನಪು ಮಾಡು. ನನ್ನ ಮೋನಲ್ಲವಾ ನೀನು. ನಿನ್ನ ಕಾಲು ಹಿಡೀತೇನೆ."

ನಾನು ಕಣ್ಣು ಮುಚ್ಚಿದೆ. ಕೊಡ ನೆನಪಾಯಿತು, ಕತ್ತರಿ ನೆನಪಾಯಿತು. ಕೆಟಲಿಗೆ ಹಿಡಿ ಇತ್ತು, ಮೂತಿ ಇತ್ತು. ಮುಚ್ಚಳದ ಜಾಗ ಖಾಲಿ. ಅದು ಕಾಗದದಲ್ಲಿ ಖಾಲಿ ಇದ್ದದ್ದೋ, ನನ್ನ ತಲೆಯಲ್ಲಿ ಖಾಲಿಯೋ ತಿಳಿಯಲಿಲ್ಲ. ಕೈಯಲ್ಲಿ ಹಿಡಿದು ನೋಡಿದ್ದೆ, ಒಂದೊಂದೇ ಎಣಿಸಿದ್ದೆ, ಆದರೆ ಯಾವುದನ್ನೂ ಕಂಡಿರಲಿಲ್ಲ. ಬಾಯಮ್ಮ ಕಂಡಿದ್ದರು, ಅವರು ಗಂಡನ ಜೊತೆ ವಿಮಾನ ಹತ್ತಿಯಾಗಿತ್ತು. ಕಿನ್ನಿಗೋಳಿಯ ಮನೆಯಲ್ಲಿ ಫೋನಿರಲಿಲ್ಲ.

ನನಗೆ ಗೊತ್ತಿಲ್ಲ ಎಂದು ಹೇಳಬೇಕಿತ್ತು. ಗೊತ್ತಿಲ್ಲ ಎಂದರೆ ಕಾಕ ಅದೇ ಸಂಜೆ ಮುದೀರನ ಬಳಿ ಹೋಗುತ್ತಿದ್ದರು. ಇನ್ನು ನಾಲ್ಕೈದು ದಿನಕ್ಕೆ ರಂಝಾನ್. ಎರಡು ಗೋದಾಮು ತುಂಬಿದ ಮಾಲಿನಲ್ಲಿ ಏನು ಎಲ್ಲಿದೆ ಎಂದು ಅವರೊಬ್ಬರಿಗೇ ಗೊತ್ತು. ಅವರಿಲ್ಲದೆ ಆ ತಿಂಗಳು ನನಗೆ ದಾಟುತ್ತಿರಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ. ಆ ಲೆಕ್ಕ ನನ್ನ ತಲೆಯಲ್ಲಿ ಓಡಿತ್ತು.

"ಇದು" ಎಂದು ಮೊದಲನೆಯ ಕೆಟಲಿನ ಮೇಲೆ ಬೆರಳಿಟ್ಟೆ. "ಮುಚ್ಚಿತ್ತು."

"ಅಲ್ಲಾಹನ ಆಣೆ?"

"ಆಣೆ ಗೀಣೆ ಎಂತದಕ್ಕೆ? ಒಮ್ಮೆ ಹೇಳಿದೆನಲ್ಲ!" ಎಂದು ಕಿರುಚಿದೆ. ನನ್ನ ಸಿಟ್ಟು ನೋಡಿ ಕಾಕ ನಂಬಿದರು. ಸುಳ್ಳು ಹೇಳುವವನು ಅಷ್ಟು ಜೋರಾಗಿ ಕಿರುಚುತ್ತಾನೆಂದು ಆ ಸಾಧು ಮನುಷ್ಯನಿಗೆ ಹೇಗೆ ಗೊತ್ತಾಗಬೇಕು?

ಹತ್ತು ದಿನ ಕಳೆದ ಮೇಲೆ ಕಾಕ ಊರಿಗೆ ಫೋನ್ ಮಾಡಿದರು. ಬೊಳ್ಳೂರಿನಲ್ಲಿ ಅವರ ನೆರೆಮನೆಯ ಕೊನ್ಸೆಪ್ಟಾ ಬಾಯಮ್ಮನ ಚಾವಡಿಯಲ್ಲಿ ಫೋನಿತ್ತು. ಅಲ್ಲಿ ಯಾವಾಗಲೂ ನಾಲ್ಕು ಜನ ಕೂತಿರುತ್ತಿದ್ದರು, ಅವರ ಮುಂದೆ ಆಸ್ಯಮ್ಮ ಬಾಯಿ ಬಿಡುವವರಲ್ಲ, ಅದಕ್ಕೇ ಕಾಕ ಅಲ್ಲಿಯವರೆಗೆ ಫೋನಿನ ಗೋಜಿಗೆ ಹೋಗಿರಲಿಲ್ಲ. ಆಸ್ಯಮ್ಮನನ್ನು ಕರೆಸಿದರು. ನಾನು ಬೂತಿನ ಹೊರಗೆ ನಿಂತಿದ್ದೆ. ಕಾಕ ಹೊರಗೆ ಬಂದು ನನ್ನ ಅಂಗಿ ಹಿಡಿದುಕೊಂಡರು.

"ಸಾಮಾನು ಸಿಕ್ಕಿತು ಅಂದಳು. ಹುಷಾರಾ ಅಂದರೆ ಹೂಂ ಅಂದಳು. ನಾನು ಬರಬೇಕಾ ಅಂತ ಕೇಳಿದೆ ಮೋನೇ. ಅದಕ್ಕೆ, ನೀವು ಹೇಳಿ ಆಯ್ತಲ್ಲ ಅಂದಳು. ಇಟ್ಟುಬಿಟ್ಟಳು. ನಾನು ಎಂತ ಹೇಳಿದೆ? ನಾನು ಏನೂ ಹೇಳಿಲ್ಲವಲ್ಲ?"

ಅಲ್ಲೇ ಬಿಸಿಲಿನಲ್ಲಿ ನಿಂತ ನನಗೆ ಆಗ ಹೊಳೆಯಿತು. ಆಕೆ ಬಾ ಎಂದು ಕಾಗದ ಕಳಿಸಿದ್ದರೆ? ಅದೇ ಕಾಗದ ತಿರುಗಿ ಬಂದಿದೆ, ಹೊಳೆಯುವ ಹೊಸ ಕೆಟಲಿನ ಹೊಟ್ಟೆಯಲ್ಲಿ, ಮೇಲೆ ಬಿಗಿಯಾಗಿ ಮುಚ್ಚಳ ಹಾಕಿ. ಆಕೆ ಏನೆಂದು ತಿಳಿಯಬೇಕು? ನಾನು ಬರುವುದಿಲ್ಲ, ಸಾಮಾನು ತೆಗೆದುಕೋ.

ಆಗಲಾದರೂ ಬಾಯಿ ಬಿಡಬಹುದಿತ್ತು. "ಹಬ್ಬಕ್ಕೆ ಬರ್ತೇನೆ ಅಂತ ನೀವು ಬರೆದಿದ್ದಿರಲ್ಲ, ಅದನ್ನೇ ಹೇಳಿದ್ದು ಕಾಕ" ಎಂದೆ. ಎರಡನೇ ಸಲ ಹೇಳುವಾಗ ಕಿರುಚಬೇಕಾಗಲೂ ಇಲ್ಲ.

ಆ ರಂಝಾನ್ ತಿಂಗಳು ಕಾಕ ಕೆಲಸ ಮಾಡಿದರು. ಆದರೆ ಚಿತ್ರ ಬದಲಾಯಿತು. ಮಸಿಯಿಲ್ಲ, ಬಟ್ಟೆ ಸುತ್ತಿದ ಹಿಡಿಯಿಲ್ಲ, ನೆಗ್ಗಿದ ಅಂಚಿಲ್ಲ. ಕ್ಯಾಟಲಾಗಿನಲ್ಲಿರುವ ಹಾಗೆ ಹೊಸ ಕೆಟಲ್, ಹೊಸ ಪಾತ್ರೆ, ಎಲ್ಲ ಒಂದೇ ಅಳತೆ. "ಈಗ ನೋಡಿ ಸರಿಯಾಯ್ತು!" ಎಂದು ನಾನು ಬೆನ್ನು ತಟ್ಟಿದೆ. ಅವರು ತಲೆ ಎತ್ತಲಿಲ್ಲ. ಇಫ್ತಾರಿಗೆ ಒಂದು ಖರ್ಜೂರ, ಒಂದು ಲೋಟ ನೀರು. ಮಿಕ್ಕದ್ದನ್ನು ನನ್ನ ಕಡೆಗೆ ದೂಡುತ್ತಿದ್ದರು. ದಿನಕ್ಕೊಂದು ಸಲ ಏನೋ ಕೆಲಸದ ನೆಪದಲ್ಲಿ ಹತ್ತಿರ ಬಂದು, "ಮುಚ್ಚಿತ್ತಲ್ಲವಾ?" ಎನ್ನುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ.

ಹಬ್ಬಕ್ಕೆ ನಾಲ್ಕು ದಿನವಿರುವಾಗ ಆಲ್ಬರ್ಟ್ ಊರಿನಿಂದ ಬಂದು ನೇರ ಅಂಗಡಿಗೆ ಬಂದರು. ಕೈಯಲ್ಲಿ ಹಳೆಯ ಬಟ್ಟೆಯ ಸಣ್ಣ ಗಂಟು.

"ಅಲಿಯಬ್ಬ ಬ್ಯಾರಿಗಳಿಗೆ. ಮಗಳು ಅಸೀಫಾ ಕಿನ್ನಿಗೋಳಿವರೆಗೆ ಬಂದು ಕೊಟ್ಟುಹೋದಳು. ತಾಯಿಗೆ ಎದ್ದು ನಡೆಯಲಿಕ್ಕೆ ಆಗೋದಿಲ್ಲವಂತೆ."

ಕಾಕ ಗೋದಾಮಿನ ನೆಲದಲ್ಲಿ ಕೂತು ಗಂಟು ಬಿಚ್ಚಿದರು. ಒಳಗೆ ಹೊಸ ಸ್ಟೀಲಿನ ಕೆಟಲಿನ ಮುಚ್ಚಳ. ಮುಚ್ಚಳ ಮಾತ್ರ. ಅದಕ್ಕೆ ಸುತ್ತಿದ್ದ ಕಾಗದ ಅದೇ ಕಾಗದ. ಕೆಟಲನ್ನು ತೆರೆದೇ ಇಟ್ಟುಕೊಂಡು ಮುಚ್ಚಳವನ್ನು ಆಕೆ ಇಲ್ಲಿಗೆ ಕಳಿಸಿದ್ದರು. ಇದಕ್ಕಿಂತ ದೊಡ್ಡ ಕೂಗು ಆಕೆಯ ಬಳಿ ಇರಲಿಲ್ಲ.

ಕಾಕ ಕಾಗದವನ್ನು ತೊಡೆಯ ಮೇಲೆ ಸವರಿ ನೆಟ್ಟಗೆ ಮಾಡಿದರು. ನಾನು ಅವರ ಹಿಂದೆ ನಿಂತು, ಮೊದಲ ಸಲ ಅದನ್ನು ನೋಡಿದೆ.

ಒಲೆಯಲ್ಲಿ ಬೆಂಕಿ ಇಲ್ಲ, ಬೂದಿಯೂ ಇಲ್ಲ, ಗುಡಿಸಿಟ್ಟಿದೆ. ಸೌಟು ಮೊಳೆಗೆ ತೂಗುತ್ತಿದೆ, ಅದರ ನೆರಳು ಕೂಡ ಗೋಡೆಯ ಮೇಲೆ ಬಿದ್ದಿದೆ. ತಟ್ಟೆ ಕವುಚಿದೆ. ಕೊಡದ ಹೊಟ್ಟೆಯ ಗಂಟು ಈಗ ಬಾಯಿಯವರೆಗೆ ಬೆಳೆದಿದೆ. ಕತ್ತರಿಯ ಎರಡು ಅಲಗೂ ಬಾಯಿ ತೆರೆದು ಬಿದ್ದಿವೆ, ಸುತ್ತ ಒಂದು ಬೀಡಿ ಎಲೆಯ ಚೂರಿಲ್ಲ. ಚಪ್ಪಲಿ ಹೆಂಗಸಿನದ್ದಲ್ಲ. ಗಂಡಸಿನ ದೊಡ್ಡ ಚಪ್ಪಲಿ, ಹೆಬ್ಬೆರಳಿನ ಜಾಗ ಸವೆದಿದೆ, ಹೊಸ್ತಿಲಿನ ಹೊರಗೆ ಬಿಟ್ಟು ಒಳಗೆ ಹೋದ ಹಾಗಿದೆ. ಕಾಕ ಊರಲ್ಲಿ ಬಿಟ್ಟುಬಂದ ಚಪ್ಪಲಿ. ಕೆಟಲ್ ನಡುವಿನಲ್ಲಿದೆ. ಅದರ ಬಾಯಿ ಆಕಾಶ ನೋಡುತ್ತಿದೆ. ಮುಚ್ಚಳ ಪಕ್ಕದಲ್ಲಿ, ನೆಲದ ಮೇಲೆ, ಅಂಗಾತ. ಅದರ ಒಳಮೈಗೆ ಅಂಟಿದ ಎರಡು ಹನಿ ನೀರನ್ನೂ ಆಕೆ ಬರೆದಿದ್ದರು. ಬೀಡಿ ಕಟ್ಟುವ ಕೈ, ನೀಲಿ ಪೆನ್ಸಿಲು, ಎಲ್ಲೂ ಅಳಿಸಿ ತಿದ್ದಿದ ಗುರುತಿಲ್ಲ. ಇಷ್ಟು ಚೆಂದದ ವಸ್ತುವನ್ನು ನಾನು ನನ್ನ ಜೀವನದಲ್ಲಿ ಕಂಡಿರಲಿಲ್ಲ. ಒಂದು ತಿಂಗಳ ಹಿಂದೆ ಅದನ್ನು ನನ್ನ ಈ ಎರಡು ಕೈಯಲ್ಲಿ ಹಿಡಿದಿದ್ದೆ.

"ಮುಚ್ಚಳ ನೆಲದ ಮೇಲುಂಟು ಮೋನೇ" ಎಂದರು ಕಾಕ. ಅಷ್ಟೇ ಹೇಳಿದರು. ಬೈದಿದ್ದರೆ, ಹೊಡೆದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮುದೀರ್ ಹಬ್ಬದ ರಜೆ ಎಂದು ಆಗಲೇ ಅಲ್ ಗರಾಫಾದ ಮನೆ ಸೇರಿದ್ದ. ಆಫೀಸಿಗೆ ಬೀಗ. ಪಿಕಪ್ಪಿನಲ್ಲಿ ಕಾಕನನ್ನು ಕೂರಿಸಿಕೊಂಡು ಅವನ ಗೇಟಿಗೆ ಹೋದೆ. ಕಾವಲುಗಾರ ಒಳಗೆ ಬಿಡಲಿಲ್ಲ. ಹಿಂದಿನ ನಾನಾಗಿದ್ದರೆ ಗೇಟು ಒದೆಯುತ್ತಿದ್ದೆ. ಆ ದಿನ ಮಧ್ಯಾಹ್ನದ ಬಾಂಗಿನಿಂದ ಇಳಿಹೊತ್ತಿನ ಅಸರ್ ಬಾಂಗಿನವರೆಗೆ ಉಪವಾಸದ ಬಾಯಲ್ಲಿ ಗೇಟಿನ ಕಂಬಿ ಹಿಡಿದು ನಿಂತೆ. ಮುದೀರ್ ಹೊರಗೆ ಬಂದಾಗ ಅವನ ಕೈ ಹಿಡಿದು, "ತಪ್ಪು ನನ್ನದು, ಇವರದ್ದಲ್ಲ. ನನ್ನ ವೀಸಾ ಬೇಕಾದರೆ ರದ್ದು ಮಾಡಿ, ಇವರ ಪಾಸ್‌ಪೋರ್ಟ್ ಕೊಡಿ" ಎಂದು ಅತ್ತೆ. ಅವನಿಗೆ ಏನನ್ನಿಸಿತೋ, ಮರುದಿನ ಬೀಗ ತೆರೆಸಿ ಸಹಿ ಹಾಕಿದ.

ವಿಮಾನ ನಿಲ್ದಾಣದಲ್ಲಿ ಕಾಕ ಮುಚ್ಚಳದ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಹೋದರು, ನನ್ನ ಕಡೆ ತಿರುಗಲಿಲ್ಲ. ಬೊಂಬಾಯಿಗೆ ವಿಮಾನ, ಅಲ್ಲಿಂದ ಬಸ್ಸು. ಹಬ್ಬದ ದಿನ ಮನೆ ಮುಟ್ಟಿದರಂತೆ. ಅದೇ ದಿನ ಆಸ್ಯಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಒಂದು ತಿಂಗಳು ಮೊದಲು ತಂದಿದ್ದರೆ ಕೊಯ್ದು ತೆಗೆಯಬಹುದಿತ್ತು, ಈಗ ಎಲ್ಲ ಕಡೆ ಹರಡಿದೆ ಎಂದರಂತೆ ಡಾಕ್ಟರು. ಒಂದು ತಿಂಗಳು. ಆ ಡಾಕ್ಟರಿಗೆ ನನ್ನ ಹೆಸರು ಗೊತ್ತಿರಲಿಲ್ಲ, ಆದರೆ ಹೇಳಿದ್ದು ನನ್ನ ಹೆಸರನ್ನೇ. ಮೇ ತಿಂಗಳಲ್ಲಿ, ಬಕ್ರೀದ್ ಹಬ್ಬ ಬರುವ ಮೊದಲೇ ಆಸ್ಯಮ್ಮ ತೀರಿಹೋದರು. ಕಾಕ ಮತ್ತೆ ಕತಾರಿಗೆ ಬರಲಿಲ್ಲ.

ಗೋದಾಮಿನಲ್ಲಿ ಅವರ ಹಳೆಯ ಪೆಟ್ಟಿಗೆಗಳು ಒಂದೊಂದಾಗಿ ಖಾಲಿಯಾದವು. ಖಾಲಿ ರಟ್ಟನ್ನು ಬಂಗಾಳಿಗಳು ತುಳಿದು ಚಪ್ಪಟೆ ಮಾಡಿ ಕಸಕ್ಕೆ ಹಾಕುತ್ತಿದ್ದರು. ನಾನು ಚಾಕು ಹಿಡಿದು ಅವರ ಹಿಂದೆ ಓಡಿ, ಚಿತ್ರವಿದ್ದ ಬದಿ ಕೊಯ್ದು ತಂದು ಮಂಚದ ಕೆಳಗೆ ಇಡತೊಡಗಿದೆ. ಮಸಿ ಹಿಡಿದ ಕೆಟಲ್, ಅಂಚು ನೆಗ್ಗಿದ ತಪ್ಪಲೆ, ಹಲ್ಲು ಮುರಿದ ಜರಡಿ. ಶುಕ್ರವಾರ ಅವನ್ನೆಲ್ಲ ಹರಡಿಕೊಂಡು ನೋಡುತ್ತಿದ್ದೆ. ಪ್ರತಿಯೊಂದರ ಹಿಂದೆಯೂ ಒಂದು ಕೈ ಇತ್ತು, ಒಬ್ಬರು ಈಗ ತಾನೇ ಅದನ್ನು ಅಲ್ಲಿಟ್ಟು ಎದ್ದು ಹೋಗಿದ್ದರು. ಯಾರ ಕೈಯೆಂದು ಈಗ ಕೇಳಬೇಕಾಗಿರಲಿಲ್ಲ.

1996ರಲ್ಲಿ ನನಗೆ ರಜೆ ಬಂತು. ಬೊಳ್ಳೂರಿಗೆ ಹೋಗಿ ಕಾಕನ ಕಾಲು ಹಿಡಿಯಬೇಕೆಂದು ನಿಶ್ಚಯಿಸಿದೆ. ಹೇಳದೆ ಹೋಗುವ ಧೈರ್ಯವಾಗಲಿಲ್ಲ. ಎರಡು ತಿಂಗಳ ಮೊದಲೇ, ಊರಿಗೆ ಹೋಗುತ್ತಿದ್ದ ಆಲ್ಬರ್ಟ್ ಅವರಲ್ಲಿ, ಮಹಮೂದ್ ಬರಬಹುದಾ ಎಂದು ಕೇಳಿಕೊಂಡು ಬನ್ನಿ ಎಂದು ಹೇಳಿ ಕಳಿಸಿದೆ.

ಆಲ್ಬರ್ಟ್ ಒಂದು ಲಕೋಟೆ ತಂದುಕೊಟ್ಟರು. "ಎಂತ ಹೇಳಿದರು?" ಎಂದು ಕೇಳಿದೆ.

"ಮಾತಾಡಲಿಲ್ಲ ಬ್ಯಾರಿಗಳೇ. ನೀವು ಬರಬಹುದಾ ಅಂತ ಕೇಳಿದೆ. ಒಳಗೆ ಹೋಗಿ ಇದನ್ನು ಬರೆದು ತಂದರು. ಚಾ ಕೊಟ್ಟರು. ಅಷ್ಟೇ."

ಒಳಗೆ ನೀಲಿ ಪೆನ್ಸಿಲಿನ ಒಂದು ಕೆಟಲ್. ನಾನು ಕಳಿಸಿದ ಸ್ಟೀಲಿನ ಕೆಟಲೇ, ಆಕಾರ ನೋಡಿದರೆ ಗೊತ್ತಾಗುತ್ತದೆ. ಈಗ ಅದಕ್ಕೆ ಮುಖ ಬಂದಿದೆ. ತಳದಲ್ಲಿ ಮಸಿ, ಹಿಡಿಗೆ ಬಟ್ಟೆಯ ಸುತ್ತು, ಆ ಬಟ್ಟೆಯಲ್ಲಿ ಹೆಂಗಸರ ತಲೆವಸ್ತ್ರದ ಸಣ್ಣ ಹೂವು. ಮೂತಿಯ ತುದಿಯಲ್ಲಿ ಬೀಳದೆ ನಿಂತ ಒಂದು ಹನಿ. ಮುಚ್ಚಳ ಹಾಕಿದೆ.

ನಾನು ಹೋಗಲಿಲ್ಲ. ಚಿತ್ರವನ್ನು ರೂಮಿನ ಗೋಡೆಗೆ ಅಂಟಿಸಿದ್ದೇನೆ. ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಅದರ ಮುಂದೆ ನಿಂತು, ಮುಚ್ಚಳಕ್ಕೂ ಕೆಟಲಿನ ಬಾಯಿಗೂ ನಡುವೆ ಒಂದು ಕೂದಲೆಳೆಯಷ್ಟಾದರೂ ಸಂದು ಇದೆಯೋ ಎಂದು ಹುಡುಕುತ್ತೇನೆ. ಇಲ್ಲ. ಆ ಗೀಟನ್ನು ಕಾಕ ಒಂದೇ ಉಸಿರಿಗೆ ಎಳೆದಿದ್ದಾರೆ.